ಹಿಂಗಾರಿ ಗಿಡ: ಬಳ್ಳಾರಿಯ ಮನೆಯೊಂದರಲ್ಲಿ ಏಯೋನಿಯಂ ಕಳೆದ ಎರಡು ಬೇಸಿಗೆಗಳು

ಹಿನ್ನೆಲೆ

ಬಳ್ಳಾರಿ ನಗರದ ಹಳೆಯ ಬಡಾವಣೆಯೊಂದರ ಎರಡು ಅಂತಸ್ತಿನ ಮನೆ. ಅಲ್ಲಿ ಇರುವವರು ಅತ್ತೆ, ಮಾವ, ಮಗ, ಸೊಸೆ. ಗಿಡಗಳ ಉಸ್ತುವಾರಿ ಸೊಸೆಯದು. ನೀರು ಹಾಕುವ ಹಕ್ಕು ಮಾತ್ರ ಮನೆಯ ಎಲ್ಲರದೂ. ಗುರುತು ಸಿಗದಂತೆ ಮನೆಯವರ ಬಗೆಗಿನ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಗಿಡಕ್ಕೆ ಆದದ್ದನ್ನು ಆದಂತೆಯೇ ಬರೆದಿದ್ದೇನೆ.

ತಾರಸಿಯಲ್ಲಿ ಈ ಊರಿನ ಮನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಗಿಡಗಳೇ ಇದ್ದವು: ದಾಸವಾಳ, ಕರಿಬೇವು, ತುಳಸಿ, ಲೋಳೆಸರ ಮತ್ತು ನಾಲ್ಕೈದು ಅಡೇನಿಯಂ. ಬಳ್ಳಾರಿಯ ಬಿಸಿಲಿಗೆ ಅಡೇನಿಯಂ ಹೇಳಿ ಮಾಡಿಸಿದ ಗಿಡ. ಏಪ್ರಿಲ್‌ನಲ್ಲಿ ಊರೆಲ್ಲ ಬಾಡಿ ಮಲಗಿದಾಗ ಅದು ಮೈತುಂಬ ಹೂ ಬಿಡುತ್ತದೆ. ಸಕ್ಯುಲೆಂಟ್ (ಎಲೆ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ) ಎಂದರೆ ಬಿಸಿಲು ಬೇಡುವ ಗಿಡ ಎಂಬ ನಂಬಿಕೆ ಈ ಮನೆಯಲ್ಲಿ ಬೇರೂರಿದ್ದು ಅಡೇನಿಯಂನಿಂದಲೇ.

ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ ನೋಡಲು ಹೋಗಿದ್ದ ಸೊಸೆ ಅಲ್ಲಿಂದ ಕಪ್ಪು ಏಯೋನಿಯಂ ಎಂಬ ಸಕ್ಯುಲೆಂಟ್ ಒಂದನ್ನು ತಂದರು. ಏಯೋನಿಯಂ ಅರ್ಬೋರಿಯಂ ಜಾತಿಯ ಕಡುನೇರಳೆ ಬಣ್ಣದ ತಳಿ. ಒಂದೇ ಬುಡದಿಂದ ಮೂರು ಕೊಂಬೆಗಳು, ಪ್ರತಿ ಕೊಂಬೆಯ ತುದಿಯಲ್ಲಿ ಸುತ್ತು ಸುತ್ತಾಗಿ ಜೋಡಿಸಿದ ಎಲೆಗಳ ಗೊಂಚಲು. ಪ್ಲಾಸ್ಟಿಕ್ ಕುಂಡ, ಅದರ ತುಂಬ ತೆಂಗಿನ ನಾರಿನ ಪುಡಿ. ಫೆಬ್ರವರಿ ಮುಗಿಯುವವರೆಗೆ ಗಿಡ ಹೊಳೆಯುತ್ತ ಬೆಳೆಯಿತು. ತಾರಸಿಗೆ ಬಂದವರೆಲ್ಲ ಅದನ್ನೇ ಕೇಳುತ್ತಿದ್ದರಂತೆ.

ಏಯೋನಿಯಂಗಳ ಬಹುಪಾಲು ಜಾತಿಗಳ ತವರು ಆಫ್ರಿಕಾದ ವಾಯವ್ಯ ಕರಾವಳಿಗೆ ಎದುರಾಗಿರುವ ಸ್ಪೇನಿನ ಕ್ಯಾನರಿ ದ್ವೀಪಗಳು. ಅಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಗಿಡ ಬೆಳೆಯುವುದೂ ಆಗಲೇ. ಬೇಸಿಗೆ ಒಣಗಿರುತ್ತದೆ; ಆದರೆ ಕಡಲಿನ ಗಾಳಿ, ಬೆಟ್ಟಗಳ ಉತ್ತರದ ಇಳಿಜಾರಿಗೆ ತಂಗುವ ಮೋಡ ಸೇರಿ ಅದನ್ನು ತಣ್ಣಗಿಡುತ್ತವೆ. ಹಾಗಾಗಿ ಬೇಸಿಗೆಯಲ್ಲಿ ಗಿಡ ಹೊರಗಿನ ಎಲೆಗಳನ್ನು ಉದುರಿಸಿ, ಒಳಗಿನವನ್ನು ಬಿಗಿಯಾಗಿ ಮುಚ್ಚಿಕೊಂಡು ಸುಪ್ತಾವಸ್ಥೆಗೆ ಇಳಿಯುತ್ತದೆ. ಅಲ್ಲಿ ಅದು ತಾಳಿಕೊಳ್ಳಬೇಕಾದದ್ದು ಒಣಹವೆಯನ್ನು, ಬೆಂಕಿಯಂತಹ ಸೆಕೆಯನ್ನಲ್ಲ.

ಬಳ್ಳಾರಿಯಲ್ಲಿ ಲೆಕ್ಕವೇ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಮುಟ್ಟುವುದು, ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ರಾತ್ರಿಯೂ 26, 27ಕ್ಕಿಂತ ಕೆಳಗಿಳಿಯದ ದಿನಗಳಿರುತ್ತವೆ. ಕಾಂಕ್ರೀಟ್ ತಾರಸಿಯ ಮೇಲಂತೂ ಹಗಲು ಹೀರಿದ ಶಾಖ ನಡುರಾತ್ರಿಯವರೆಗೆ ಹೊರಬರುತ್ತಲೇ ಇರುತ್ತದೆ. ಮಳೆಯ ಕ್ರಮವೂ ತಿರುವುಮುರುವು. ಜೂನ್, ಜುಲೈನಲ್ಲಿ ಗಾಳಿ ಜೋರು, ಮೋಡ ದಟ್ಟ, ಮಳೆ ಅಷ್ಟಕ್ಕಷ್ಟೇ. ನಿಜವಾದ ಮಳೆ ಸುರಿಯುವುದು ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ, ಅದರಲ್ಲೂ ಸೆಪ್ಟೆಂಬರ್‌ನಲ್ಲಿ. ಗಿಡಕ್ಕೆ ಬಂದ ಕಷ್ಟದ ಬಹುಪಾಲು ಈ ಎರಡು ಪಂಚಾಂಗಗಳು ಹೊಂದದೆ ಹೋದದ್ದರಿಂದಲೇ ಹುಟ್ಟಿತು.

ತೊಂದರೆ

ಮಾರ್ಚ್ ನಡುವಿಗೆ ಕೆಳಗಿನ ಎಲೆಗಳು ಉದುರತೊಡಗಿದವು. ತಟ್ಟೆಯಗಲ ಹರಡಿದ್ದ ಗೊಂಚಲುಗಳು ದಿನದಿಂದ ದಿನಕ್ಕೆ ಕುಗ್ಗಿದವು. ಮನೆಯವರು ಇದನ್ನು ಬಾಯಾರಿಕೆ ಎಂದು ಓದಿದರು. ಹಾಗೆ ಓದಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅದೇ ವಾರ ದಾಸವಾಳವೂ ಎಲೆ ಉದುರಿಸುತ್ತಿತ್ತು, ನೀರು ಹೆಚ್ಚಿಸಿದ ಮೇಲೆ ಚೇತರಿಸಿಕೊಂಡಿತು.

ಏಯೋನಿಯಂಗೂ ದಿನಾ ಸಂಜೆ ನೀರು ಶುರುವಾಯಿತು, ಮೇಲೊಂದು ಹಿಡಿ ಎರೆಗೊಬ್ಬರ ಬಿತ್ತು. ನೀರು ಬರುತ್ತಿದ್ದದ್ದು ತಾರಸಿಯ ಟ್ಯಾಂಕಿನಿಂದ. ಈ ಊರಿನ ಬೇಸಿಗೆಯಲ್ಲಿ ಸಂಜೆ ಐದರ ಹೊತ್ತಿಗೆ ಆ ನಲ್ಲಿ ತಿರುಗಿಸಿದವರಿಗೆ ಗೊತ್ತು, ಸ್ನಾನಕ್ಕೆ ನೀರು ಕಾಯಿಸುವ ಅಗತ್ಯವಿರುವುದಿಲ್ಲ. ಬಿಸಿಲಿಗೆ ಕಾದ ಪ್ಲಾಸ್ಟಿಕ್ ಕುಂಡ, ಅದರೊಳಗೆ ನೀರು ಹಿಡಿದಿಟ್ಟುಕೊಳ್ಳುವ ನಾರಿನ ಪುಡಿ, ಮೇಲೆ ಬಿಸಿನೀರು. ಬೇರು ನೀರನ್ನು ಹೀರುವ ಕೆಲಸ ನಿಲ್ಲಿಸಿರುವ ಕಾಲದಲ್ಲಿ ಇದಕ್ಕಿಂತ ಕೆಟ್ಟ ಉಪಚಾರವನ್ನು ಬೇಕೆಂದು ಯೋಚಿಸಿದರೂ ಹೊಂದಿಸುವುದು ಕಷ್ಟ. ಏಪ್ರಿಲ್ ಮೊದಲ ವಾರದಲ್ಲಿ ಬದಿಯ ಕೊಂಬೆ ಬುಡದಲ್ಲಿ ಮೆತ್ತಗಾಗಿ, ಮುಟ್ಟಿದರೆ ನಾರುವ ರಸ ಒಸರಿ, ತಾನಾಗಿಯೇ ವಾಲಿ ಬಿತ್ತು.

ಆಮೇಲೆ ಸೊಸೆ ಮೊಬೈಲಿನಲ್ಲಿ ಹುಡುಕಿದರು. ಸಿಕ್ಕ ಸಲಹೆ ಒಂದೇ: ಇದು ಬೇಸಿಗೆಯಲ್ಲಿ ನಿದ್ರಿಸುವ ಗಿಡ, ನೀರನ್ನು ಪೂರ್ತಿ ನಿಲ್ಲಿಸಿ. ಸಲಹೆ ಕೊಟ್ಟವರು ಇದ್ದದ್ದು ಬೇಸಿಗೆಯ ರಾತ್ರಿ ಹೊದಿಕೆ ಬೇಕಾಗುವಂತಹ ಊರುಗಳಲ್ಲಿ. ಸೊಸೆ ಅದನ್ನು ಅಕ್ಷರಶಃ ಪಾಲಿಸಿ, ಕುಂಡವನ್ನು ಕೆಳಗಿನ ಪಡಸಾಲೆಗೆ ತಂದಿಟ್ಟು ನೀರನ್ನು ಪೂರ್ತಿಯಾಗಿ ಕೈಬಿಟ್ಟರು. ಅತ್ತೆಗೆ ಇದು ಸರಿಬರಲಿಲ್ಲ. “ನಾಯಿಗೂ ಬೋಗುಣಿಯಲ್ಲಿ ನೀರಿಡುವ ದಿನಗಳಮ್ಮಾ ಇವು, ಗಿಡವನ್ನು ಹೀಗೆ ಒಣಗಿಸುತ್ತೀಯಲ್ಲ” ಎನ್ನುತ್ತಿದ್ದರು. ನಾನು ಗಿಡವನ್ನು ಮೊದಲು ನೋಡಿದ್ದು ಮೇ ತಿಂಗಳಲ್ಲಿ, ಈ ಜಗಳ ನಡೆಯುತ್ತಿದ್ದಾಗ.

ಮೇ ತಿಂಗಳ ತೀರ್ಮಾನ

ಆಗ ಉಳಿದಿದ್ದದ್ದು ಎತ್ತರದ ಕೊಂಬೆ ಮತ್ತು ನಡುವಿನ ಕೊಂಬೆ. ಎರಡರ ಗೊಂಚಲೂ ಮೊಗ್ಗಿನಷ್ಟು ಬಿಗಿ. ಕಾಂಡ ಸುಕ್ಕುಗಟ್ಟಿತ್ತು. ಇಂತಹ ಗಿಡದ ವಿಷಯದಲ್ಲಿ ಕಣ್ಣಿಗಿಂತ ಬೆರಳನ್ನು ನಂಬುವುದು ಒಳ್ಳೆಯದು. ಸುಕ್ಕಾಗಿದ್ದರೂ ಒತ್ತಿದಾಗ ಗಟ್ಟಿಯಾಗಿದ್ದರೆ ಅದು ನೀರಿನ ಕೊರತೆ. ನುಣುಪಾಗಿದ್ದು ಒತ್ತಿದಾಗ ಒಳಕ್ಕೆ ಹೋದರೆ ಕೊಳೆ. ಉದುರಿದ ಎಲೆಯೂ ಇದನ್ನೇ ಹೇಳುತ್ತದೆ: ಕಾಗದದಂತೆ ಒಣಗಿ, ಕೆಳಗಿನಿಂದ ಒಂದೊಂದಾಗಿ ಬಿದ್ದರೆ ಚಿಂತೆಯಿಲ್ಲ, ಹಳದಿಯಾಗಿ, ನೀರು ತುಂಬಿ ಪಾರದರ್ಶಕವಾಗಿ ಕಳಚಿದರೆ ತಡಮಾಡಬಾರದು. ಇಲ್ಲಿ ಕಾಂಡ ಗಟ್ಟಿಯಾಗಿತ್ತು.

ಕುಂಡವನ್ನು ಮೆಲ್ಲಗೆ ತಟ್ಟಿ ಬೇರು, ಪುಡಿ ಸೇರಿದ ಮುದ್ದೆಯನ್ನು ಹೊರತೆಗೆದಾಗ ನಾರಿನ ಪುಡಿ ಒಣಗಿ ಕುಗ್ಗಿ ಕುಂಡದ ಗೋಡೆಯಿಂದ ಬಿಟ್ಟುಕೊಂಡಿತ್ತು. ಹೀಗೆ ಪುಡಿ ಗೋಡೆ ಬಿಟ್ಟ ಮೇಲೆ ಹಾಕಿದ ನೀರು ಬದಿಯಿಂದ ಜಾರಿ ತಳ ಸೇರುತ್ತದೆ. ಏಯೋನಿಯಂನ ಬೇರುಗಳು ಕೂದಲೆಳೆಯಷ್ಟು ಸಣ್ಣವು, ಆಳಕ್ಕೂ ಇಳಿಯುವುದಿಲ್ಲ. ಹೊರಸುತ್ತಿನ ಬೇರುಗಳು ಬೆರಳಲ್ಲಿ ಪುಡಿಯಾದವು. ನೀರು ಹೆಚ್ಚಾಗಿ ಒಂದು ಕೊಂಬೆ ಹೋಗಿತ್ತು. ನೀರೇ ಇಲ್ಲದೆ ಉಳಿದೆರಡರ ಬೇರು ಹೋಗುತ್ತಿತ್ತು.

ಮಣ್ಣು ಬದಲಿಸಬೇಕೇ ಎಂಬುದು ಮುಂದಿನ ಪ್ರಶ್ನೆ. ಸುಪ್ತಾವಸ್ಥೆಯಲ್ಲಿರುವ ಗಿಡವನ್ನು ಕಿತ್ತು ನೆಡಬಾರದು, ಗಾಯವಾದ ಬೇರು ಮಾಯುವ ಕಾಲ ಅದಲ್ಲ ಎನ್ನುವುದು ರೂಢಿ. ಆದರೆ ಈ ನಾರಿನ ಪುಡಿಯಲ್ಲೇ ಮಳೆಗಾಲಕ್ಕೆ ಹೋದರೆ ಅಪಾಯ ಎನ್ನುವುದೂ ಅಷ್ಟೇ ನಿಜ. ಸೊಸೆ ಮಣ್ಣು ಬದಲಿಸುವ ಕೆಲಸವನ್ನು ಮುಂದೂಡಿದರು. 41 ಡಿಗ್ರಿಯಲ್ಲಿ ಉಳಿದಿರುವ ಬೇರನ್ನು ಕದಲಿಸುವುದಕ್ಕಿಂತ ಅದನ್ನು ತಣ್ಣಗಿಡುವುದು ಮುಖ್ಯ ಎಂದು ನನಗೂ ಅನ್ನಿಸಿತು. ಇದರ ಬೆಲೆಯನ್ನು ಸೆಪ್ಟೆಂಬರ್‌ನಲ್ಲಿ ತೆರಬೇಕಾಯಿತು. ಆದರೂ ಮೇ ತಿಂಗಳ ಆ ತೀರ್ಮಾನವನ್ನು ಇಂದಿಗೂ ಸರಿಯೆಂದೇ ಹೇಳುತ್ತೇನೆ.

ತಣ್ಣಗಿಡಲು ಮಾಡಿದ್ದು ಇಷ್ಟು. ಕುಂಬಾರರ ಬಳಿ ಸಿಗುವ, ಹೊಳಪು ಹಚ್ಚದ ದೊಡ್ಡ ಮಣ್ಣಿನ ಕುಂಡವೊಂದರೊಳಗೆ ಗಿಡದ ಕುಂಡವನ್ನು ಇಟ್ಟು, ನಡುವಿನ ಜಾಗಕ್ಕೆ ಮರಳು ತುಂಬಿದರು. ಮರಳಿಗೆ ದಿನಾ ಬೆಳಿಗ್ಗೆ ನೀರು. ಹೊರಗಿನ ಕುಂಡದ ಮೈಯಿಂದ ನೀರು ಆವಿಯಾಗುತ್ತ ಒಳಗಿನ ಬೇರಿನ ಸುತ್ತಲಿನ ಶಾಖವನ್ನು ಇಳಿಸುತ್ತದೆ. ಬಳ್ಳಾರಿಯ ಒಣ ಬೇಸಿಗೆಯಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ, ತೇವ ತುಂಬಿದ ಹವೆಯಲ್ಲಿ ನಡೆಯುವುದಿಲ್ಲ. ಗಿಡಕ್ಕೆ ಮಾತ್ರ ಹತ್ತು ಹನ್ನೆರಡು ದಿನಕ್ಕೊಮ್ಮೆ ಅರ್ಧ ಚಹಾ ಲೋಟ ನೀರು, ರಾತ್ರಿ ಮಲಗುವ ಮುನ್ನ. ಅದೂ ಟ್ಯಾಂಕಿನ ನೀರಲ್ಲ, ಅಡುಗೆಮನೆಯ ಮಣ್ಣಿನ ಗಡಿಗೆಯಲ್ಲಿ ತಣಿದದ್ದು. ಈ ಅಳತೆಯಲ್ಲಿ ಗಿಡ ಬೆಳೆಯುವುದಿಲ್ಲ, ಬೆಳೆಯಬೇಕಾಗಿಯೂ ಇಲ್ಲ. ಸಣ್ಣ ಬೇರುಗಳು ಸಾಯದಿದ್ದರೆ ಸಾಕು. ಅತ್ತೆಗೂ ನೀರು ಹಾಕುವ ಕೆಲಸ ಉಳಿಯಿತು, ಮರಳಿಗೆ. ಮನೆಯ ಜಗಳ ತೀರಿದ್ದರಲ್ಲಿ ಆ ಮರಳಿನ ಪಾಲೂ ಇದೆ.

ಮಾವನವರ ಮಾತು

ಜೂನ್‌ನಲ್ಲಿ ಮೊದಲ ಹನಿ ಬಿದ್ದಾಗ ತಾರಸಿಯ ಕುಂಡಗಳನ್ನೆಲ್ಲ ಮಳೆಗೆ ಎಳೆದಿಡುವ ಸಂಭ್ರಮ ನಡೆದಿತ್ತು. ಏಯೋನಿಯಂ ಮಾತ್ರ ಪಡಸಾಲೆಯಲ್ಲೇ ಉಳಿದದ್ದನ್ನು ಕಂಡು ಮಾವನವರು ಕಾರಣ ಕೇಳಿದರು. ಅವರು ಬಳ್ಳಾರಿ ತಾಲ್ಲೂಕಿನ ಎರೆಭೂಮಿಯ ಊರೊಂದರ ಒಕ್ಕಲು ಮನೆತನದವರು. ಅಲ್ಲಿಯವರೆಗೆ ಗಿಡದ ವಿಷಯದಲ್ಲಿ ತಲೆ ಹಾಕಿದವರೇ ಅಲ್ಲ. ಸೊಸೆ ವಿವರಿಸಿದ್ದನ್ನು ಕೇಳಿ ಅವರು ಹೇಳಿದ್ದು: “ಹಾಗಾದರೆ ಇದು ಹಿಂಗಾರಿ ಬೆಳೆ. ಮುಂಗಾರಿಯಲ್ಲಿ ಬಿತ್ತಿದರೆ ಬರುತ್ತದೆಯೇ?”

ಈ ಪ್ರಕರಣದಲ್ಲಿ ಬಂದ ಅತ್ಯಂತ ಉಪಯುಕ್ತ ಮಾತು ಇದು. ಬಳ್ಳಾರಿ, ರಾಯಚೂರು, ಕೊಪ್ಪಳದ ಎರೆಹೊಲಗಳಲ್ಲಿ ಬಿಳಿಜೋಳ, ಕಡಲೆ, ಕುಸುಬೆಯನ್ನು ಬಿತ್ತುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳ ಆಸುಪಾಸಿನಲ್ಲಿ. ಮೊದಲ ಮಳೆಗೆ ಯಾರೂ ಅವಸರ ಮಾಡುವುದಿಲ್ಲ. ಭೂಮಿ ತಣಿದು ಚಳಿ ಇಳಿಯುವ ಹೊತ್ತಿಗೆ ಬೆಳೆ ಎದ್ದು ನಿಲ್ಲುತ್ತದೆ, ಎಳ್ಳಮಾವಾಸ್ಯೆಗೆ ಹೊಲ ತುಂಬಿರುತ್ತದೆ. ಸುಪ್ತಾವಸ್ಥೆ, ಅಕ್ಷಾಂಶ, ಚಳಿಗಾಲದ ಮಳೆ ಎಂದೆಲ್ಲ ಹೇಳಿದಾಗ ಅರ್ಥವಾಗದ್ದು ಮನೆಯವರಿಗೆಲ್ಲ ಆ ಒಂದು ಮಾತಿನಿಂದ ಹಿಡಿತಕ್ಕೆ ಬಂತು. ಅಡೇನಿಯಂ ಮುಂಗಾರಿ, ಏಯೋನಿಯಂ ಹಿಂಗಾರಿ. ಅಂದಿನಿಂದ ಯಾರೂ ಎರಡಕ್ಕೂ ಒಟ್ಟಿಗೆ ನೀರು ಹಾಕಿಲ್ಲ.

ಸುಳ್ಳು ಎಚ್ಚರ

ಆದರೆ ಈ ತಿಳುವಳಿಕೆಯೂ ಮೊದಲ ವರ್ಷ ಗಿಡವನ್ನು ಪೂರ್ತಿ ಉಳಿಸಲಿಲ್ಲ. ಕಾರಣ ಜುಲೈ.

ಬಳ್ಳಾರಿಯಲ್ಲಿ ಜುಲೈ ಮೋಸದ ತಿಂಗಳು. ಬೀಸುಗಾಳಿ, ಮೋಡ, ಹಗಲು 32ರ ಆಸುಪಾಸು, ರಾತ್ರಿ 23, 24. ಎರಡು ತಿಂಗಳ ಬೇಗೆಯ ನಂತರ ಮನುಷ್ಯರಿಗೂ ಹಿತ, ಗಿಡಕ್ಕೂ ಹಿತ. ಗೊಂಚಲುಗಳು ಸಡಿಲವಾದವು, ನಡುವಿನಲ್ಲಿ ಹಸಿರು ಕಂಡಿತು. ಗಿಡ ಎದ್ದಿತು ಎಂದು ಸೊಸೆ ಅದನ್ನು ತಾರಸಿಗೆ ಒಯ್ದು, ಕುಂಡ ತುಂಬ ನೀರು ಕೊಟ್ಟರು. ಆಗಸ್ಟ್ ಮಧ್ಯದವರೆಗೆ ಅದು ಚೆನ್ನಾಗಿಯೇ ಇತ್ತು.

ಆಗಸ್ಟ್ ಕೊನೆಗೆ ಗಾಳಿ ನಿಂತಿತು. ಬಿಸಿಲು ಮರಳಿತು, ಸೆಕೆ ಏರಿತು, ಸಂಜೆಗೆ ಗುಡುಗಿನ ಮಳೆ ಶುರುವಾಯಿತು. ಗಿಡ ಮತ್ತೆ ಮುಚ್ಚಿಕೊಳ್ಳತೊಡಗಿತು. ಬೇರು ಮತ್ತೆ ಕೆಲಸ ನಿಲ್ಲಿಸಿತ್ತು; ನಾರಿನ ಪುಡಿ ಮಾತ್ರ ಸಂಜೆ ಬಿದ್ದ ಮಳೆಯನ್ನು ಮರುದಿನ ಸಂಜೆಯವರೆಗೂ ಹಿಡಿದಿಟ್ಟುಕೊಳ್ಳುತ್ತಿತ್ತು. ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಎತ್ತರದ ಕೊಂಬೆಯ ಬುಡ ಕಂದಾಯಿತು.

ಇದನ್ನು ನೋಡಿದ ದಿನವೇ ಕತ್ತರಿಸಿದ್ದರಿಂದ ಅರ್ಧ ಉಳಿಯಿತು. ಸ್ಪಿರಿಟ್‌ನಿಂದ ಒರೆಸಿದ ಚಾಕುವಿನಲ್ಲಿ ಕಾಂಡವನ್ನು ಕೆಳಗಿನಿಂದ ಮೇಲಕ್ಕೆ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತ ಹೋಗಬೇಕು. ಕೊಯ್ದ ಮುಖದಲ್ಲಿ ಕಂದು ಚುಕ್ಕೆಯಾಗಲಿ ಉಂಗುರವಾಗಲಿ ಕಾಣದಂತಾಗುವವರೆಗೆ ನಿಲ್ಲಿಸಬಾರದು, ಪ್ರತಿ ಸಲವೂ ಚಾಕು ಒರೆಸಬೇಕು. ಇಲ್ಲಿ ಕೈ ಹಿಂಜರಿಯುವುದು ಸಹಜ, ಏಕೆಂದರೆ ಗಿಡದ ಎತ್ತರವೆಲ್ಲ ಹೋಗುತ್ತದೆ. ಆದರೆ ಒಂದು ಚುಕ್ಕೆ ಉಳಿದರೂ ಕೊಳೆ ಮುಂದುವರಿಯುತ್ತದೆ. ಕೊನೆಗೆ ಗೊಂಚಲಿನ ಕೆಳಗೆ ಗೇಣುದ್ದದ ಕಾಂಡ ಶುದ್ಧವಾಗಿ ಉಳಿಯಿತು. ಅದನ್ನು ನೆರಳಿನಲ್ಲಿ ಗಾಯ ಒಣಗುವವರೆಗೆ ಮಲಗಿಸಿಟ್ಟರು. ನಡುವಿನ ಕೊಂಬೆಯನ್ನು ಬುಡದ ಹಳೆಯ ಮಣ್ಣಿನಿಂದ ಬಿಡಿಸಿ, ಇನ್ನೂ ಬಿಳಿಯಾಗಿದ್ದ ಬೇರುಗಳೊಂದಿಗೆ ಒಣ ಮಿಶ್ರಣಕ್ಕೆ ಸಾಗಿಸಿದರು.

ಜುಲೈನಲ್ಲಿ ನೀರು ಕೊಟ್ಟದ್ದು ತಪ್ಪೆಂದು ಮನೆಯವರು ಅಂದುಕೊಂಡಿದ್ದರು. ನನ್ನ ಅಭಿಪ್ರಾಯ ಬೇರೆ. ಗಿಡ ಕೇಳಿತ್ತು, ಅವರು ಕೊಟ್ಟರು, ಎಚ್ಚರ ನಿಜವಾದದ್ದೇ. ಎಡವಿದ್ದು ಎಚ್ಚರಗೊಂಡ ಗಿಡ ಮತ್ತೆ ಮಲಗಬಹುದು ಎಂದು ಎಣಿಸದೆ ಅದನ್ನು ಬಯಲಿನಲ್ಲಿ ಬಿಟ್ಟದ್ದರಲ್ಲಿ. ಈ ಸೀಮೆಯಲ್ಲಿ ಸುಪ್ತಾವಸ್ಥೆ ಎರಡು ತುಂಡಾಗುತ್ತದೆ: ಮಾರ್ಚ್‌ನಿಂದ ಜೂನ್‌ವರೆಗೆ ಒಣದು, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒದ್ದೆಯದು. ಮೊದಲನೆಯದಕ್ಕೆ ಎಲ್ಲರೂ ಹೆದರುತ್ತಾರೆ, ಎರಡನೆಯದರಲ್ಲಿ ಗಿಡ ಸಾಯುತ್ತದೆ.

ಎರಡನೆಯ ವರ್ಷ

ಅಕ್ಟೋಬರ್ ನಡುವಿನಲ್ಲಿ, ಚಿತ್ತೆ ಮಳೆಯ ಹೊತ್ತಿಗೆ, ಕತ್ತರಿಸಿದ ತುಂಡು ಬೇರು ಬಿಟ್ಟಿತು. ಆ ಚಳಿಗಾಲ ಗಿಡ ಎಷ್ಟು ವೇಗವಾಗಿ ಬೆಳೆಯಿತೆಂದರೆ ಜನವರಿಯಲ್ಲಿ ನಡುವಿನ ಕೊಂಬೆಯಿಂದ ಇನ್ನೊಂದು ತುಂಡು ತೆಗೆದು ಮೂರನೆಯ ಕುಂಡ ಮಾಡಿದರು. ಒಂದೇ ಬುಡವನ್ನು ನಂಬಿ ಕೂರುವ ಬದಲು ಬೆಳೆಯುವ ಕಾಲದಲ್ಲೇ ತುಂಡು ಮಾಡಿಟ್ಟುಕೊಳ್ಳುವುದು ಈ ಹವೆಯಲ್ಲಿ ವಿಮೆಯಿದ್ದ ಹಾಗೆ.

ಮಿಶ್ರಣಕ್ಕೆ ಪುಸ್ತಕಗಳು ಹೇಳುವ ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲನ್ನು ಹುಡುಕುತ್ತ ಹೋಗಲಿಲ್ಲ. ಮನೆ ಕಟ್ಟುವಲ್ಲಿ ಬಿದ್ದಿದ್ದ ಇಟ್ಟಿಗೆಯನ್ನು ಕುಟ್ಟಿ, ಜರಡಿ ಹಿಡಿದು, ಪುಡಿಯನ್ನು ಬಿಸಾಡಿ ಕಡಲೆಕಾಳಿನ ಗಾತ್ರದ ಚೂರನ್ನು ಎರಡು ಪಾಲು. ದಪ್ಪ ಮರಳು ಒಂದು ಪಾಲು. ಚೆನ್ನಾಗಿ ಕಳಿತ ಗೊಬ್ಬರ ಮತ್ತು ಕೆಂಪು ಮಣ್ಣು ಸೇರಿ ಒಂದು ಪಾಲು. ಅಕ್ಕಿ ಗಿರಣಿಯ ಬೂದಿ ಪುಕ್ಕಟೆ ಸಿಗುತ್ತದೆಂದು ಮಗ ಒಂದು ಚೀಲ ತಂದಿದ್ದ. ಅದನ್ನು ಬಳಸಲಿಲ್ಲ: ನುಣುಪು ಬೂದಿ ಚೂರುಗಳ ನಡುವಿನ ಸಂದನ್ನು ಮುಚ್ಚುತ್ತದೆ, ಮೇಲಾಗಿ ಕ್ಷಾರ. ಕೊಳವೆಬಾವಿಯ ಗಡಸು ನೀರೇ ಈ ಊರಿನ ಕುಂಡಗಳಿಗೆ ಬೇಕಾದಷ್ಟು ಕ್ಷಾರ ತಂದುಕೊಡುತ್ತದೆ.

ನೀರಿನ ವಿಷಯದಲ್ಲಿ ತಿಂಗಳ ಲೆಕ್ಕವನ್ನು ಕೈಬಿಟ್ಟು ರಾತ್ರಿಯ ಲೆಕ್ಕ ಹಿಡಿದರು. ಕನಿಷ್ಠ ಉಷ್ಣತೆಯನ್ನು ನೆನಪಿಟ್ಟುಕೊಳ್ಳುವ ಅಗ್ಗದ ಉಷ್ಣಮಾಪಕವನ್ನು ಕುಂಡದ ಪಕ್ಕ ನೇತುಹಾಕಿದರು. ಒಂದು ವಾರ ಸತತವಾಗಿ ರಾತ್ರಿ 22ಕ್ಕಿಂತ ಕೆಳಗಿಳಿದರೆ ತುಂಬ ನೀರು; 24 ದಾಟಿದರೆ ಅರ್ಧ ಲೋಟದ ವ್ರತ. ಈ ಅಂಕಿಗಳು ಆ ಮನೆಯ ಅನುಭವದಿಂದ ಬಂದವು, ಬೇರೆ ಮನೆಗೆ ಒಂದೆರಡು ಡಿಗ್ರಿ ಹೆಚ್ಚು ಕಡಿಮೆಯಾದೀತು. ಆದರೆ ರಾತ್ರಿಯನ್ನು ಅಳೆಯುವುದಕ್ಕೆ ಕಾರಣವಿದೆ. ಸಕ್ಯುಲೆಂಟ್‌ಗಳಲ್ಲಿ ಅನೇಕವು ಹಗಲು ಎಲೆಯ ರಂಧ್ರಗಳನ್ನು ಮುಚ್ಚಿ, ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದು ಆಮ್ಲವಾಗಿ ಕೂಡಿಟ್ಟುಕೊಳ್ಳುತ್ತವೆ. ಏಯೋನಿಯಂ ಜಾತಿಗಳಲ್ಲಿ ಕೆಲವು ನೀರು ಕಡಿಮೆಯಾದಾಗ ಈ ದಾರಿಗೆ ಹೊರಳುತ್ತವೆ. ಅದಕ್ಕೆ ರಾತ್ರಿ ತಂಪಾಗಿರಬೇಕು. ರಾತ್ರಿಯೂ ಕುದಿಯುವಾಗ ಗಿಡ ಗಳಿಸುವುದಿಲ್ಲ, ಕೂಡಿಟ್ಟದ್ದನ್ನು ಖರ್ಚು ಮಾಡುತ್ತದೆ. ಹಗಲಿನ 38 ಡಿಗ್ರಿಯನ್ನು ನೆರಳುಬಲೆಯಿಂದ ಸಂಭಾಳಿಸಬಹುದು. ರಾತ್ರಿಯ 28ಕ್ಕೆ ಬಲೆ ಏನೂ ಮಾಡಲಾರದು. ತಾರಸಿಯಿಂದ ಇಳಿಸಿ ಅಂಗಳದ ಬೇವಿನ ಮರದ ಬುಡಕ್ಕೆ, ಉತ್ತರದ ಗೋಡೆಯ ಮಗ್ಗುಲಿಗೆ ಇಟ್ಟದ್ದು ಆ ಕಾರಣಕ್ಕೇ.

ಒಂದು ಕಿರಿಕಿರಿ ಎದುರಾಯಿತು. ಮೇ ತಿಂಗಳಲ್ಲಿ ಬಿಗಿದ ಗೊಂಚಲೊಂದರ ಸುತ್ತ ಇರುವೆಗಳ ಸಾಲು. ಬಿಡಿಸಿ ನೋಡಿದರೆ ಎಲೆಗಳ ಸಂದಿಯಲ್ಲಿ ಹಿಟ್ಟು ತಿಗಣೆ. ಮುಚ್ಚಿಕೊಂಡ ಗೊಂಚಲು ಅದಕ್ಕೆ ಒಳ್ಳೆಯ ಮನೆ. ಬೇವಿನೆಣ್ಣೆ ಸಿಂಪಡಿಸುವ ಆಲೋಚನೆಯನ್ನು ಬಿಟ್ಟರು, ಆ ಬಿಸಿಲಿನಲ್ಲಿ ಎಣ್ಣೆ ಬಿದ್ದ ಎಲೆ ಸುಡುತ್ತದೆ. ಸಂಜೆ ಹೊತ್ತು ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ ತೆಗೆದರು. ಅತ್ತೆಯ ಕಣ್ಣು ಈ ಕೆಲಸಕ್ಕೆ ಸೊಸೆಯ ಕಣ್ಣಿಗಿಂತ ಚುರುಕಾಗಿತ್ತು.

ಜುಲೈನಲ್ಲಿ ಗೊಂಚಲು ಸಡಿಲವಾದಾಗ ಈ ಸಲವೂ ನೀರು ಕೊಟ್ಟರು. ಆದರೆ ಕುಂಡಗಳು ಸೂರಿನ ಕೆಳಗೇ ಉಳಿದವು, ಸೆಪ್ಟೆಂಬರ್ ಪೂರ್ತಿ ಒಂದು ಹನಿ ಮಳೆಯೂ ಅವುಗಳ ಮೇಲೆ ಬೀಳಲಿಲ್ಲ. ಸುರಿಯುವ ಮಳೆಯಲ್ಲಿ ಗಿಡವನ್ನು ಒಣಗಿಸಿಡುವುದು ಬರಗಾಲ ಕಂಡ ಊರಿನವರಿಗೆ ಸುಲಭವಲ್ಲ. ನೆರೆಯವರು ಕೇಳಿ ನಕ್ಕದ್ದೂ ಉಂಟು. ಎಲೆಗಳಲ್ಲಿ ಅರ್ಧಕ್ಕರ್ಧ ಉದುರಿ ಕಾಂಡಗಳು ಬೋಳಾಗಿ ಕಂಡವು, ನೆರಳಿನಲ್ಲಿದ್ದದ್ದರಿಂದ ಕಪ್ಪು ಬಣ್ಣ ಮಾಸಿ ಹಸಿರಾಯಿತು. ಆದರೆ ಮೂರೂ ಕುಂಡಗಳ ಕಾಂಡ ಗಟ್ಟಿಯಾಗಿಯೇ ಉಳಿಯಿತು. ನವೆಂಬರ್‌ನಲ್ಲಿ ಬೆಳಗಿನ ಬಿಸಿಲಿಗೆ ಮರಳಿ ತಂದ ಮೇಲೆ ಬಣ್ಣವೂ ಬಂತು.

ಈಗ ಅವರ ಮುಂದಿರುವ ಪ್ರಶ್ನೆ ಹೂವಿನದು. ಏಯೋನಿಯಂನ ಪ್ರತಿ ಗೊಂಚಲೂ ಹೂಬಿಟ್ಟ ಮೇಲೆ ಸಾಯುತ್ತದೆ; ಬೇರೆ ಕೊಂಬೆಗಳಿದ್ದರೆ ಗಿಡ ಮುಂದುವರಿಯುತ್ತದೆ, ಒಂಟಿ ಕೊಂಬೆಯಾದರೆ ಅಲ್ಲಿಗೆ ಮುಗಿಯಿತು. ಮೂರರಲ್ಲಿ ಎರಡು ಕುಂಡಗಳು ಒಂಟಿ ಕೊಂಬೆಯವು. ಬರುವ ಡಿಸೆಂಬರ್‌ನಲ್ಲಿ ಅವುಗಳ ತುದಿ ಚಿವುಟಿ ಕವಲೊಡೆಸುವುದೆಂದು ಸೊಸೆ ನಿರ್ಧರಿಸಿದ್ದಾರೆ. ಅತ್ತೆ ಒಂದನ್ನಾದರೂ ಹಾಗೆಯೇ ಬಿಡು ಎನ್ನುತ್ತಿದ್ದಾರೆ, ಅವರಿಗೆ ಹಳದಿ ಹೂವಿನ ಗೋಪುರ ನೋಡಬೇಕಂತೆ.

ಮಾರ್ಚ್‌ನಲ್ಲಿ ರಾಯಚೂರಿನ ನೆಂಟರೊಬ್ಬರು ಬಂದು ಒಂದು ತುಂಡು ಕೇಳಿದರು. ದೀಪಾವಳಿ ಕಳೆದ ಮೇಲೆ ಬನ್ನಿ ಎಂದು ಮಾವನವರೇ ಹೇಳಿದರು. ಅಷ್ಟರೊಳಗೆ ಇಟ್ಟಿಗೆ ಚೂರನ್ನು ಜರಡಿ ಹಿಡಿದಿಟ್ಟುಕೊಳ್ಳಿ ಎಂದೂ.